ಅತಿಥಿಗಳಿಗೆ ಅರಮನೆ ಕಟ್ಟಿಸಿದ ನಾಲ್ವಡಿ ಕೃಷ್ಣರಾಜ ಒಡೆಯರು

ಮೈಸೂರಿಗೆ ಪ್ರವಾಸ ಹೋದವರು ಚಾಮುಂಡಿ ಬೆಟ್ಟದ ಮೇಲೆ ನಿಂತು ಕೆಳಗೆ ನೋಡಿದರೆ, ಒಂದು ಕಡೆ ಗುಮ್ಮಟವಿರುವ ದೊಡ್ಡ ಬಿಳಿ ಕಟ್ಟಡ ಕಾಣುತ್ತದೆ. ನಮ್ಮ ಕಡೆಯವರಿಗೆ ಗುಮ್ಮಟ ಎಂದ ಕೂಡಲೇ ವಿಜಯಪುರದ ಗೋಳಗುಮ್ಮಟ ನೆನಪಾಗುತ್ತದೆ. ಆದರೆ ಇದು ಗೋರಿಯೂ ಅಲ್ಲ, ಮಸೀದಿಯೂ ಅಲ್ಲ, ಚರ್ಚೂ ಅಲ್ಲ. ಇದು ಲಲಿತ ಮಹಲ್ ಅರಮನೆ. ಈಗ ಹೋಟೆಲು. ಮೈಸೂರಿನಲ್ಲಿ ಅಂಬಾವಿಲಾಸ ಅರಮನೆಯನ್ನು ಬಿಟ್ಟರೆ ಇದೇ ದೊಡ್ಡ ಅರಮನೆ. ಇದನ್ನು ಕಟ್ಟಿಸಿದ ರಾಜರು ಇದನ್ನು ತಮಗಾಗಿ ಕಟ್ಟಿಸಲಿಲ್ಲ, ಬರುವ ಅತಿಥಿಗಾಗಿ ಕಟ್ಟಿಸಿದರು. ಆ ರಾಜರೇ ನಾಲ್ವಡಿ ಕೃಷ್ಣರಾಜ ಒಡೆಯರು.

ನಾಲ್ವಡಿ ಎಂದರೆ ನಾಲ್ಕನೆಯವರು ಎಂದು ಅರ್ಥ. ಅವರು 1884ರ ಜೂನ್ 4ರಂದು ಮೈಸೂರು ಅರಮನೆಯಲ್ಲಿ ಹುಟ್ಟಿದರು. ತಂದೆ ಹತ್ತನೆಯ ಚಾಮರಾಜ ಒಡೆಯರು, ತಾಯಿ ಕೆಂಪನಂಜಮ್ಮಣ್ಣಿಯವರು. 1894ರ ಡಿಸೆಂಬರಿನಲ್ಲಿ ಕಲಕತ್ತೆಗೆ ಹೋಗಿದ್ದ ತಂದೆ ಅಲ್ಲಿಯೇ ಗಂಟಲಮಾರಿ ರೋಗದಿಂದ ತೀರಿಕೊಂಡರು. ಹುಡುಗನಿಗೆ ಆಗ ಬರೀ ಹತ್ತು ವರ್ಷ. 1895ರ ಫೆಬ್ರುವರಿ 1ರಂದು ಆ ಹತ್ತು ವರ್ಷದ ಹುಡುಗನನ್ನು ಸಿಂಹಾಸನದ ಮೇಲೆ ಕೂರಿಸಿದರು. ರಾಜ್ಯದ ಆಡಳಿತವನ್ನು ತಾಯಿ ನೋಡಿಕೊಂಡರು. ಏಳು ವರ್ಷಕ್ಕೂ ಹೆಚ್ಚು ಕಾಲ ಅವರು ರೀಜೆಂಟ್ ಆಗಿದ್ದರು. ವಾಣಿವಿಲಾಸ ಸನ್ನಿಧಾನ ಎಂದು ಜನ ಕರೆಯುತ್ತಿದ್ದುದು ಅವರನ್ನೇ.

ಗಂಡ ಹೋದ ಮೂರನೇ ವರ್ಷ ಮನೆಯೂ ಹೋಯಿತು. 1897ರಲ್ಲಿ ಹಿರಿಯ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂಭ್ರಮ ನಡೆದಿದ್ದಾಗ ಮರದ ಹಳೆಯ ಅರಮನೆಗೆ ಬೆಂಕಿ ಬಿದ್ದು ಸುಟ್ಟುಹೋಯಿತು. ಈಗ ನಾವು ದಸರಾ ದೀಪಾಲಂಕಾರದ ಚಿತ್ರಗಳಲ್ಲಿ ನೋಡುವುದು ಅದಾದ ಮೇಲೆ ಹೆನ್ರಿ ಇರ್ವಿನ್ ಎಂಬ ಇಂಗ್ಲಿಷ್ ವಾಸ್ತುಶಿಲ್ಪಿಯ ನಕ್ಷೆಯಂತೆ ಕಟ್ಟಿದ ಅರಮನೆ. ಅದು ಮುಗಿದದ್ದು 1912ರಲ್ಲಿ, ತಗುಲಿದ ವೆಚ್ಚ 41 ಲಕ್ಷ ರೂಪಾಯಿಗಿಂತ ಹೆಚ್ಚು. ಹಾಗಾಗಿ ನಾಲ್ವಡಿಯವರ ಬಾಲ್ಯ, ಯೌವನ ಎಲ್ಲವೂ ಕಟ್ಟಡದ ಕೆಲಸ ನಡೆಯುತ್ತಿದ್ದ ಊರಿನಲ್ಲೇ ಕಳೆದವು. 1902ರ ಆಗಸ್ಟ್ 8ರಂದು ವೈಸ್‌ರಾಯ್ ಲಾರ್ಡ್ ಕರ್ಜನ್ ಮೈಸೂರಿಗೆ ಬಂದು ಅವರಿಗೆ ಪೂರ್ಣ ಅಧಿಕಾರ ಕೊಟ್ಟಾಗಲೂ ದೊಡ್ಡ ಅರಮನೆ ಸಿದ್ಧವಾಗಿರಲಿಲ್ಲ. ಆ ಸಮಾರಂಭ ಜಗನ್ಮೋಹನ ಅರಮನೆಯಲ್ಲಿ ನಡೆಯಿತು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ರಾಜ ಅವರೇ, ರಾಜ್ಯ ಅವರದೇ. ಆದರೂ ಅಧಿಕಾರ ಕೊಡಲು ಹೊರಗಿನಿಂದ ಒಬ್ಬರು ಬರಬೇಕಾಯಿತು. ಇದಕ್ಕೆ ಕಾರಣ ಹಿಂದಿನ ಇತಿಹಾಸದಲ್ಲಿದೆ. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಒಡೆಯರಿಂದ ಕಸಿದುಕೊಂಡು 50 ವರ್ಷ ತಾವೇ ಆಳಿದರು. 1881ರಲ್ಲಿ ಮರಳಿ ಕೊಟ್ಟರು, ಆದರೆ ಷರತ್ತುಗಳ ಪಟ್ಟಿ ಹಾಕಿ ಕೊಟ್ಟರು. ಆ ಷರತ್ತುಗಳನ್ನು ಮುರಿದರೆ ಮತ್ತೆ ಕಸಿದುಕೊಳ್ಳಬಹುದಿತ್ತು. ಅದರ ಜೊತೆಗೆ ವರ್ಷಕ್ಕೆ ಇಷ್ಟು ಎಂದು ಕಪ್ಪ. 1799ರ ಒಪ್ಪಂದದ ಪ್ರಕಾರ ಅದು ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ ಇತ್ತು. 1881ರಲ್ಲಿ ಅದನ್ನು 35 ಲಕ್ಷಕ್ಕೆ ಏರಿಸಿದರು. ಏರಿಸಿದ ಭಾಗದ ವಸೂಲಿಯನ್ನು ಕೆಲವು ವರ್ಷ ಮುಂದೂಡಿದ್ದರು, 1896ರಿಂದ ಪೂರ್ತಿ ಕೊಡಬೇಕಾಯಿತು. ಅಂದರೆ ನಾಲ್ವಡಿಯವರು ಸಿಂಹಾಸನ ಏರಿದ ಮರುವರ್ಷವೇ ಈ ಭಾರ ಹೆಚ್ಚಾಯಿತು. ಅವರ ಇಡೀ ಆಳ್ವಿಕೆಯನ್ನು ಅರ್ಥ ಮಾಡಿಕೊಳ್ಳಲು ಈ 35 ಲಕ್ಷವನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು ಎಂದು ನನಗೆ ಅನ್ನಿಸುತ್ತದೆ.

ಅವರ ಗುರು ಸ್ಟುವರ್ಟ್ ಫ್ರೇಸರ್ ಎಂಬ ಇಂಗ್ಲಿಷ್ ಅಧಿಕಾರಿ. ರಾಜಕುಮಾರನಿಗೆ ಒಬ್ಬನೇ ಕುಳಿತು ಓದಿ ಬೇಸರವಾಗದಿರಲಿ ಎಂದು ಕೆಲವು ಹುಡುಗರನ್ನು ಆರಿಸಿ ಒಂದು ಸಣ್ಣ ತರಗತಿ ಮಾಡಿದರು. ಆ ಹುಡುಗರಲ್ಲಿ ಒಬ್ಬರು ಬೆಂಗಳೂರಿನ ಮಿರ್ಜಾ ಇಸ್ಮಾಯಿಲ್. ಅವರ ತಾತ ಅಲಿ ಅಸ್ಗರ್ ಇರಾನಿನ ಶಿರಾಜಿನಿಂದ ಕುದುರೆ ವ್ಯಾಪಾರಕ್ಕೆ ಬಂದು ಬೆಂಗಳೂರಿನಲ್ಲಿ ನೆಲೆಸಿದವರು, ಆಮೇಲೆ ದಂಡು ಪ್ರದೇಶದಲ್ಲಿ ಬಂಗಲೆಗಳನ್ನು ಕಟ್ಟಿಸಿ ಹೆಸರಾದವರು. ಒಂದೇ ಬೆಂಚಿನ ಗೆಳೆತನ ಜೀವನಪೂರ್ತಿ ಉಳಿಯಿತು. ಮಿರ್ಜಾ ಅವರು ಮೊದಲು ಪೊಲೀಸ್ ಇಲಾಖೆಗೆ, ಆಮೇಲೆ ಮಹಾರಾಜರ ಕಚೇರಿಗೆ ಸೇರಿದರು. 1926ರಲ್ಲಿ ದಿವಾನರೇ ಆದರು. ಬಹುಪಾಲು ಹಿಂದೂಗಳಿರುವ ರಾಜ್ಯಕ್ಕೆ ಮುಸ್ಲಿಂ ದಿವಾನ. ನಾಲ್ವಡಿಯವರು ಬದುಕಿರುವವರೆಗೂ ಆ ಕುರ್ಚಿಯಲ್ಲಿ ಬೇರೆಯವರು ಕೂರಲಿಲ್ಲ.

ನಾಲ್ವಡಿಯವರ ಕಾಲದ ಕೆಲಸಗಳು ನಮ್ಮ ಪಠ್ಯಪುಸ್ತಕದಲ್ಲಿ ಬಂದಿವೆ, ಆದ್ದರಿಂದ ಬೇಗ ಹೇಳಿ ಮುಗಿಸುತ್ತೇನೆ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 92 ಮೈಲಿ ದೂರದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲಿ ಮೈಸೂರು ಬ್ಯಾಂಕ್, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದವು. ಮೊದಲ ಮಹಾಯುದ್ಧದಿಂದ ಶ್ರೀಗಂಧದ ಕೊರಡುಗಳು ಯುರೋಪಿಗೆ ಹೋಗುವುದು ನಿಂತಾಗ, ಇಲ್ಲಿಯೇ ಎಣ್ಣೆ ತೆಗೆಯೋಣ ಎಂದು ಕಾರ್ಖಾನೆ ಹಾಕಿದರು. ಮೈಸೂರು ಸ್ಯಾಂಡಲ್ ಸೋಪು ಹುಟ್ಟಿದ್ದು ಆ ಎಣ್ಣೆಯಿಂದಲೇ. ಮಾರುಕಟ್ಟೆ ಮುಚ್ಚಿದಾಗ ಕಚ್ಚಾ ಮಾಲನ್ನು ಸಿದ್ಧ ಮಾಲಾಗಿ ಮಾಡಿ ಮಾರುವುದು ಹೇಗೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಈಗ ಲಲಿತ ಮಹಲಿನ ವಿಷಯಕ್ಕೆ ಬರೋಣ. 1921ರಲ್ಲಿ ನಾಲ್ವಡಿಯವರು ಚಾಮುಂಡಿ ಬೆಟ್ಟದ ತಪ್ಪಲಿನ ಬಯಲಿನಲ್ಲಿ ಈ ಅರಮನೆಗೆ ಅಡಿಗಲ್ಲು ಹಾಕಿದರು. ನಕ್ಷೆ ಮಾಡಿದವರು ಮುಂಬಯಿಯ ವಾಸ್ತುಶಿಲ್ಪಿ ಇ. ಡಬ್ಲ್ಯು. ಫ್ರಿಚ್ಲಿ. ಕಟ್ಟಿದ ಗುತ್ತಿಗೆದಾರರು ಬಿ. ಮುನಿವೆಂಕಟಪ್ಪ. ಲಂಡನ್ನಿನ ಸೇಂಟ್ ಪಾಲ್ ಕೆಥೆಡ್ರಲ್ ಚರ್ಚಿನ ಗುಮ್ಮಟವನ್ನು ನೋಡಿ ಇದರ ಗುಮ್ಮಟ ಮಾಡಿದ್ದಾರೆ. ಎರಡು ಅಂತಸ್ತು, ಮುಂಭಾಗದಲ್ಲಿ ಜೋಡಿ ಜೋಡಿಯಾಗಿ ನಿಂತ ಕಂಬಗಳು, ಒಳಗೆ ಇಟಲಿಯ ಅಮೃತಶಿಲೆಯ ಮೆಟ್ಟಿಲುಗಳು, ಕುಣಿಯಲು ಒಂದು ದೊಡ್ಡ ಹಾಲು, ಅದರ ಛಾವಣಿಯಲ್ಲಿ ಬೆಳಕು ಬರಲು ಬೆಲ್ಜಿಯಂ ಗಾಜು. ತಗುಲಿದ ವೆಚ್ಚ ಸುಮಾರು 13 ಲಕ್ಷ ರೂಪಾಯಿ. ಇಷ್ಟೆಲ್ಲ ಮಾಡಿದ್ದು ವೈಸ್‌ರಾಯರು ಮೈಸೂರಿಗೆ ಬಂದಾಗ ಇಳಿದುಕೊಳ್ಳಲಿ ಎಂದು.

ಯಾಕೆ ಬೇರೆ ಅರಮನೆ ಬೇಕಾಯಿತು? ಇದಕ್ಕೆ ಊಟವೂ ಒಂದು ಕಾರಣ ಎಂದು ಹೇಳುತ್ತಾರೆ. ಒಡೆಯರ ಮನೆತನ ಮಡಿ, ಪೂಜೆ, ಆಚಾರಗಳನ್ನು ಕಟ್ಟುನಿಟ್ಟಾಗಿ ನಡೆಸುವಂಥದು. ಯುರೋಪಿನ ಅತಿಥಿಗಳಿಗೆ ಮಾಂಸವಿಲ್ಲದೆ ಊಟ ಆಗುವುದಿಲ್ಲ. ತಮ್ಮ ಆಚಾರವನ್ನು ಬಿಡುವುದೂ ಸಾಧ್ಯವಿಲ್ಲ, ಮನೆಗೆ ಬಂದವರಿಗೆ ಅವರ ಊಟ ಕೊಡದೆ ಇರುವುದೂ ಸರಿಯಲ್ಲ. ಬೇರೆ ಮನೆ, ಬೇರೆ ಅಡುಗೆಮನೆ ಮಾಡಿದರೆ ಇಬ್ಬರಿಗೂ ತೊಂದರೆಯಿಲ್ಲ. ನಮ್ಮ ಓಣಿಗಳಲ್ಲಿ ಹಿಂದೂ ಮುಸ್ಲಿಂ ಮನೆಗಳವರು ಮದುವೆಗೆ ಒಬ್ಬರನ್ನೊಬ್ಬರು ಕರೆದಾಗ ಮಾಡುವುದೂ ಇದನ್ನೇ. ನಮ್ಮ ಮನೆಗಳ ಮದುವೆಯಲ್ಲಿ ಒಂದು ಕಡೆ ಬಿರಿಯಾನಿ ಇದ್ದರೆ, ಕರೆದ ಗೆಳೆಯರಿಗಾಗಿ ಬೇರೆ ಪೆಂಡಾಲಿನಲ್ಲಿ ಬೇರೆ ಅಡುಗೆಯವರು ರೊಟ್ಟಿ, ಹೋಳಿಗೆ ಮಾಡುತ್ತಾರೆ. ರಾಜರು ಅದನ್ನೇ ಅಮೃತಶಿಲೆಯಲ್ಲಿ ಮಾಡಿದರು ಅಷ್ಟೆ.

ಆದರೆ ಊಟವೊಂದೇ ಕಾರಣವಾಗಿದ್ದರೆ ಒಂದು ಒಳ್ಳೆಯ ಬಂಗಲೆ ಸಾಕಾಗುತ್ತಿತ್ತು. 13 ಲಕ್ಷ ಯಾಕೆ? ನಾನು ವಾಣಿಜ್ಯದ ವಿದ್ಯಾರ್ಥಿಯಾದ್ದರಿಂದ ಇದನ್ನು ಲೆಕ್ಕದ ಪುಸ್ತಕದಂತೆ ಬರೆದು ನೋಡಿದೆ. ಪ್ರತಿ ವರ್ಷ ಬ್ರಿಟಿಷರಿಗೆ ಕಪ್ಪ 35 ಲಕ್ಷ. 1914ರಲ್ಲಿ ಮಹಾಯುದ್ಧಕ್ಕೆ ಕೊಟ್ಟ ಕಾಣಿಕೆ 50 ಲಕ್ಷ. ಇವೆರಡೂ ಹೋದರೆ ಹೋದವು, ಮರಳಿ ಬರುವುದಿಲ್ಲ. ಲೆಕ್ಕಶಾಸ್ತ್ರದಲ್ಲಿ ಇದನ್ನು ರಾಜಸ್ವ ವೆಚ್ಚ ಎನ್ನುತ್ತೇವೆ. ಲಲಿತ ಮಹಲಿಗೆ ಹಾಕಿದ 13 ಲಕ್ಷ ಬಂಡವಾಳ ವೆಚ್ಚ. ಅದು ಒಂದು ವರ್ಷದ ಕಪ್ಪದ ಅರ್ಧಕ್ಕಿಂತಲೂ ಕಡಿಮೆ, ಮತ್ತು ಅದಕ್ಕೆ ಬದಲಾಗಿ ರಾಜ್ಯದ ಕೈಯಲ್ಲಿ ಒಂದು ಆಸ್ತಿ ಉಳಿಯಿತು.

ಇನ್ನೊಂದು ಕಡೆ ವೈಸ್‌ರಾಯರು ಬಂದು ಹೋದ ವರ್ಷಗಳನ್ನು ನೋಡೋಣ. 1902ರಲ್ಲಿ ಕರ್ಜನ್ ಬಂದರು, ಆಡಳಿತದ ಅಧಿಕಾರ ಕೈಗೆ ಬಂತು. 1913ರಲ್ಲಿ ಹಾರ್ಡಿಂಜ್ ಬಂದರು, 1881ರ ಷರತ್ತುಗಳ ಪತ್ರ ಹೋಗಿ ಅದರ ಜಾಗಕ್ಕೆ ಸ್ವಲ್ಪ ಗೌರವದ ಹೊಸ ಒಪ್ಪಂದ ಬಂತು. 1927ರಲ್ಲಿ, ಆಳ್ವಿಕೆಯ ರಜತ ಮಹೋತ್ಸವದ ವರ್ಷ, ಲಾರ್ಡ್ ಇರ್ವಿನ್ ಬಂದಾಗ ಕಪ್ಪದಲ್ಲಿ ಹತ್ತೂವರೆ ಲಕ್ಷ ಕಡಿತವಾಗುವ ಘೋಷಣೆ ಆಯಿತು. 1881ರಲ್ಲಿ ಏರಿಸಿದ ಮೊತ್ತ ಎಷ್ಟೋ ಅಷ್ಟೇ ಇಳಿಯಿತು. ಇದಕ್ಕಾಗಿ ರಾಜ್ಯದ ದಿವಾನರು ವರ್ಷಗಟ್ಟಲೆ ಪತ್ರ ಬರೆದು ವಾದ ಮಾಡಿದ್ದರು, ಒಳ್ಳೆಯ ಊಟ ಹಾಕಿದ್ದಕ್ಕೆ ಯಾರೂ ಹತ್ತೂವರೆ ಲಕ್ಷ ಬಿಡುವುದಿಲ್ಲ. ಆದರೂ ಒಂದು ಮಾತು ನಿಜ. ಸೈನ್ಯದಿಂದ ಬ್ರಿಟಿಷರನ್ನು ಎದುರಿಸುವ ಕಾಲ ಶ್ರೀರಂಗಪಟ್ಟಣದಲ್ಲಿ 1799ಕ್ಕೇ ಮುಗಿದಿತ್ತು. ನಾಲ್ವಡಿಯವರ ಕೈಯಲ್ಲಿ ಉಳಿದದ್ದು ಒಳ್ಳೆಯ ಆಡಳಿತ, ಕಾಗದ ಪತ್ರ, ಮತ್ತು ಆತಿಥ್ಯ. ಈ ಮೂರನ್ನೂ ಅವರು ಪೂರ್ತಿ ಬಳಸಿಕೊಂಡರು. ಪರದೇಶದ ಆಳುವವನಿಗೆ ಇಷ್ಟು ಮರ್ಯಾದೆ ಯಾಕೆ ಎಂದು ಕೇಳುವವರೂ ಇದ್ದಾರೆ. ಕೇಳುವುದು ತಪ್ಪಲ್ಲ. ಆ ಹಣ ರೈತರ ಕಂದಾಯದಿಂದಲೂ ಬಂದದ್ದು. ನನಗೆ ಮಾತ್ರ, ಬೇರೆ ದಾರಿ ಇಲ್ಲದವರು ಮರ್ಯಾದೆ ಕಳೆದುಕೊಳ್ಳದೆ ನಡೆದ ದಾರಿ ಇದು ಎಂದು ಕಾಣುತ್ತದೆ.

ಮರ್ಯಾದೆ ಎಂದಾಗ ಟಿಪ್ಪು ಸುಲ್ತಾನರ ಕಲ್ಲಿನ ವಿಷಯ ಹೇಳಬೇಕು. ಒಡೆಯರ ಮನೆತನ ಮತ್ತು ಟಿಪ್ಪು ಅವರ ಸಂಬಂಧ ಎಂಥದು ಎಂದು ಎಲ್ಲರಿಗೂ ಗೊತ್ತು. ಟಿಪ್ಪು ಅವರ ಕಾಲದಲ್ಲಿ ಅಧಿಕಾರ ಒಡೆಯರ ಕೈಯಲ್ಲಿ ಇರಲಿಲ್ಲ. ಕನ್ನಂಬಾಡಿ ಕಟ್ಟೆಯ ಕೆಲಸದ ಹೊತ್ತಿಗೆ ಆ ಜಾಗದಲ್ಲಿ ಒಂದು ಫಾರ್ಸಿ ಶಾಸನ ಸಿಕ್ಕಿತು. ಕಾವೇರಿಗೆ ಅಣೆಕಟ್ಟು ಹಾಕಲು ಟಿಪ್ಪು ಸುಲ್ತಾನರು 1794ರಲ್ಲಿ ಅಡಿಗಲ್ಲು ಹಾಕಿದ್ದರು ಎಂದು ಅದರಲ್ಲಿತ್ತು. ಅದನ್ನು ಮಣ್ಣಿನಲ್ಲಿ ಮುಚ್ಚಿಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅದನ್ನು ಅಣೆಕಟ್ಟಿನ ದ್ವಾರದ ಬಳಿ ಅನುವಾದದೊಂದಿಗೆ ನಿಲ್ಲಿಸಿದ್ದಾರೆ. ಲಲಿತ ಮಹಲಿನ ಗೋಡೆಗಳ ಮೇಲೂ ಒಡೆಯರ ದೊಡ್ಡ ಭಾವಚಿತ್ರಗಳ ಜೊತೆಗೆ ಟಿಪ್ಪು ಮತ್ತು ಬ್ರಿಟಿಷರ ಯುದ್ಧದ ಹಳೆಯ ಮುದ್ರಿತ ಚಿತ್ರಗಳಿವೆ.

ನಾಲ್ವಡಿಯವರು ತಾವು ಬಯಸಿ ಕರೆದ ಅತಿಥಿಗಳೂ ಇದ್ದರು. ಅವರು ಸಂಗೀತಗಾರರು. ಮಹಾರಾಜರಿಗೆ ಸ್ವತಃ ವೀಣೆ, ಪಿಟೀಲು, ಕೊಳಲು, ಪಿಯಾನೊ ಮುಂತಾದ ಹಲವು ವಾದ್ಯಗಳನ್ನು ನುಡಿಸಲು ಬರುತ್ತಿತ್ತು. ವೀಣೆ ಶೇಷಣ್ಣ, ವಾಸುದೇವಾಚಾರ್ಯರಂಥ ಕರ್ನಾಟಕ ಸಂಗೀತದ ದೊಡ್ಡವರು ಆಸ್ಥಾನದಲ್ಲೇ ಇದ್ದರು. ಅದರ ಜೊತೆಗೆ ಉತ್ತರದ ಉಸ್ತಾದರನ್ನೂ ದಸರಾಕ್ಕೆ ಕರೆಸುತ್ತಿದ್ದರು. ಆಗ್ರಾ ಘರಾಣೆಯ ಫೈಯಾಜ್ ಖಾನ್ ಅವರಿಗೆ ಆಫ್ತಾಬ್-ಎ-ಮೌಸೀಕಿ ಎಂಬ ಬಿರುದು ಸಿಕ್ಕಿದ್ದು ಮೈಸೂರಿನಲ್ಲಿ. ಉರ್ದು ಬಾರದ ಗೆಳೆಯರಿಗಾಗಿ ಹೇಳುತ್ತೇನೆ, ಅದರ ಅರ್ಥ ಸಂಗೀತದ ಸೂರ್ಯ. ಕನ್ನಡ ನಾಡಿನ ರಾಜರು ಕೊಟ್ಟ ಈ ಉರ್ದು ಬಿರುದು ಅವರ ಹೆಸರಿನ ಜೊತೆ ಕೊನೆಯವರೆಗೂ ಉಳಿಯಿತು.

ಇನ್ನೊಬ್ಬರು ಮೀರಜಿನಲ್ಲಿ ನೆಲೆಸಿದ್ದ ಉಸ್ತಾದ್ ಅಬ್ದುಲ್ ಕರೀಮ್ ಖಾನ್. ಇವರಿಂದ ನಮ್ಮ ಭಾಗಕ್ಕೆ ಆದ ಲಾಭ ದೊಡ್ಡದು. ಮೈಸೂರಿಗೆ ಹೋಗಿ ಬರುವಾಗ ಅವರು ಹುಬ್ಬಳ್ಳಿ ಧಾರವಾಡದ ಮೇಲೆ ಹೋಗುತ್ತಿದ್ದರು, ಅಲ್ಲಿ ಉಳಿದು ಪಾಠ ಹೇಳುತ್ತಿದ್ದರು. ಕುಂದಗೋಳದ ರಾಮಭಾವು ಅವರ ಶಿಷ್ಯರಾಗಿ ಸವಾಯಿ ಗಂಧರ್ವ ಎಂದು ಹೆಸರು ಪಡೆದರು. ಸವಾಯಿ ಗಂಧರ್ವರ ಶಿಷ್ಯರೇ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ಆಗ ಬಾದಾಮಿ, ಬಾಗಲಕೋಟೆ, ಹುನಗುಂದ, ಇಳಕಲ್ ಎಲ್ಲ ಮುಂಬಯಿ ಪ್ರಾಂತದ ಬಿಜಾಪುರ ಜಿಲ್ಲೆಯಲ್ಲಿದ್ದವು, ಧಾರವಾಡವೂ ಮುಂಬಯಿ ಪ್ರಾಂತದ್ದೇ. ನಾಲ್ವಡಿಯವರು ನಮ್ಮ ರಾಜರಲ್ಲ, ನಮ್ಮ ಮುತ್ತಜ್ಜರು ಅವರಿಗೆ ಒಂದು ಪೈಸೆ ಕಂದಾಯ ಕಟ್ಟಿದವರಲ್ಲ. ಆದರೂ ಅವರ ಮನೆಗೆ ಹೊರಟ ಅತಿಥಿ ದಾರಿಯಲ್ಲಿ ನಮಗೆ ಇಷ್ಟನ್ನು ಬಿಟ್ಟು ಹೋದರು.

ಕೊನೆಗೆ ಬಂದ ಅತಿಥಿ ಗೌಹರ್ ಜಾನ್. 1902ರಲ್ಲಿ ಭಾರತದಲ್ಲಿ ಗ್ರಾಮಫೋನ್ ತಟ್ಟೆಗೆ ಹಾಡಿದ ಮೊದಲಿಗರಲ್ಲಿ ಅವರ ಹೆಸರು ದೊಡ್ಡದು. ಕಲಕತ್ತೆಯಲ್ಲಿ ರಾಣಿಯಂತೆ ಬದುಕಿದ್ದ ಅವರು ಆಸ್ತಿ ವ್ಯಾಜ್ಯ, ನಂಬಿದವರ ಮೋಸ, ಕೋರ್ಟು ಕಚೇರಿಗಳಲ್ಲಿ ಎಲ್ಲವನ್ನೂ ಕಳೆದುಕೊಂಡು ಊರೂರು ಅಲೆದರು. 1928ರ ಆಗಸ್ಟಿನಲ್ಲಿ ನಾಲ್ವಡಿಯವರು ಅವರನ್ನು ಅರಮನೆಯ ಗಾಯಕಿಯಾಗಿ ನೇಮಿಸಿದರು. ತಿಂಗಳಿಗೆ 500 ರೂಪಾಯಿ ಸಂಬಳ, ಇರಲು ದಿಲ್‌ಖುಷ್ ಎಂಬ ಮನೆ. ಮನಸ್ಸಿಗೆ ಸಂತೋಷ ಎಂಬ ಅರ್ಥದ ಆ ಮನೆಯಲ್ಲಿ ಅವರು ಒಂದೂವರೆ ವರ್ಷವೂ ಪೂರ್ತಿ ಬಾಳಲಿಲ್ಲ. 1930ರ ಜನವರಿ 17ರಂದು ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ ತೀರಿಕೊಂಡರು. ಲಲಿತ ಮಹಲಿನ ವೈಭವದ ಬಗ್ಗೆ ಓದುವಾಗ ನನಗೆ ಹೆಚ್ಚು ನೆನಪಾಗುವುದು ಈ 500 ರೂಪಾಯಿ. ವೈಸ್‌ರಾಯರಿಂದ ರಾಜ್ಯಕ್ಕೆ ಏನಾದರೂ ಬರಬಹುದಿತ್ತು. ಮುಪ್ಪಾದ, ದನಿ ಸೋತ, ಸಾಲದಲ್ಲಿದ್ದ ಒಬ್ಬ ಹೆಣ್ಣುಮಗಳಿಂದ ಬರುವುದು ಏನೂ ಇರಲಿಲ್ಲ.

ಅವರ ಮನೆಯ ಬಾಗಿಲು ಅತಿಥಿಗೆ ತೆರೆದಿದ್ದರೂ ತಮ್ಮ ಪ್ರಜೆಗಳಿಗೆ ಸರ್ಕಾರದ ಬಾಗಿಲು ತೆರೆದಿತ್ತೇ? 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ರಚನೆಯಾಯಿತು. ಸರ್ಕಾರಿ ಕೆಲಸಗಳಲ್ಲಿ ಬಹುತೇಕ ಒಂದೇ ಜಾತಿಯವರು ತುಂಬಿದ್ದಾರೆ, ಉಳಿದವರಿಗೂ ಅವಕಾಶ ಬೇಕು ಎಂಬ ಬೇಡಿಕೆಯಿಂದ ಹುಟ್ಟಿದ ಸಮಿತಿ ಅದು. ಹಿಂದುಳಿದವರು ಎಂದು ಅದು ಗುರುತಿಸಿದವರಲ್ಲಿ ಮುಸ್ಲಿಮರೂ ಇದ್ದರು. ಶಿಷ್ಯವೇತನ, ನೇಮಕಾತಿಯಲ್ಲಿ ಆದ್ಯತೆ ಮುಂತಾದ ಶಿಫಾರಸುಗಳು ಬಂದವು. ಈ ವಿಷಯದಲ್ಲಿ ಒಪ್ಪಿಗೆಯಾಗದೆ ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟರು. ಅಷ್ಟು ದೊಡ್ಡ ದಿವಾನರನ್ನು ಕಳೆದುಕೊಂಡರೂ ಮಹಾರಾಜರು ಸಮಿತಿಯ ದಾರಿಯಿಂದ ಹಿಂದೆ ಸರಿಯಲಿಲ್ಲ. ಇಂದು ನಾವು ಪಿಯುಸಿ ಮುಗಿಸಿ ತುಂಬುವ ಅರ್ಜಿಗಳಲ್ಲಿ ಪ್ರವರ್ಗ ಎಂಬ ಕಾಲಂ ಇರುತ್ತದಲ್ಲ, ಅದರ ಹಳೆಯ ಬೇರುಗಳಲ್ಲಿ ಒಂದು ಇಲ್ಲಿದೆ.

ಅವರ ಸ್ವಂತ ಬದುಕು ಮಾತ್ರ ಸರಳವಾಗಿತ್ತು. 1900ರಲ್ಲಿ ಕಾಠಿಯಾವಾಡದ ಪ್ರತಾಪಕುಮಾರಿಯವರ ಜೊತೆ ಮದುವೆಯಾಗಿತ್ತು, ಮಕ್ಕಳಾಗಲಿಲ್ಲ. ಪೂಜೆ, ಓದು, ಸಂಗೀತ, ಕುದುರೆ ಸವಾರಿ ಅವರ ದಿನಚರಿ. ಕೈಲಾಸ ಮಾನಸ ಸರೋವರದವರೆಗೂ ಯಾತ್ರೆ ಹೋಗಿ ಬಂದರು. ಗಾಂಧೀಜಿಯವರು ಅವರನ್ನು ರಾಜರ್ಷಿ ಎಂದು ಕರೆದರು, ಆ ಹೆಸರೇ ಜನರಲ್ಲಿ ನಿಂತಿತು. 1940ರ ಮಾರ್ಚಿನಲ್ಲಿ ತಮ್ಮ ಕಂಠೀರವ ನರಸಿಂಹರಾಜ ಒಡೆಯರು ತೀರಿಕೊಂಡರು. ಐದು ತಿಂಗಳೊಳಗೆ, ಆಗಸ್ಟ್ 3ರಂದು, ನಾಲ್ವಡಿಯವರೂ ಬೆಂಗಳೂರಿನ ಅರಮನೆಯಲ್ಲಿ ಕಣ್ಣು ಮುಚ್ಚಿದರು. ಆಗ ಅವರಿಗೆ 56 ವರ್ಷ. ಸಿಂಹಾಸನ ತಮ್ಮನ ಮಗ ಜಯಚಾಮರಾಜ ಒಡೆಯರಿಗೆ ಹೋಯಿತು.

ಏಳು ವರ್ಷದಲ್ಲಿ ವೈಸ್‌ರಾಯ್ ಎಂಬ ಹುದ್ದೆಯೇ ದೇಶದಿಂದ ಹೋಯಿತು. ಯಾರಿಗಾಗಿ ಲಲಿತ ಮಹಲ್ ಕಟ್ಟಿದರೋ ಅವರೇ ಇಲ್ಲವಾದರು. 1956ರ ನವೆಂಬರ್ 1ರಂದು ನಮ್ಮ ಬಾದಾಮಿಯೂ ಮೈಸೂರೂ ಒಂದೇ ರಾಜ್ಯವಾದವು, 1973ರಲ್ಲಿ ಆ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಯಿತು. ಮರುವರ್ಷ, 1974ರಲ್ಲಿ, ಲಲಿತ ಮಹಲ್ ಕೇಂದ್ರ ಸರ್ಕಾರದ ಪ್ರವಾಸೋದ್ಯಮ ನಿಗಮದ ಕೈಯಲ್ಲಿ ಹೋಟೆಲಾಯಿತು. ಕುಣಿತದ ಹಾಲು ಊಟದ ಹಾಲಾಯಿತು. ಎಷ್ಟೋ ಸಿನಿಮಾಗಳ ಚಿತ್ರೀಕರಣ ಅಲ್ಲಿ ನಡೆಯಿತು, ಹಣವಿದ್ದವರ ಮದುವೆಗಳಾದವು. 2018ರಲ್ಲಿ ಅದು ರಾಜ್ಯ ಸರ್ಕಾರಕ್ಕೆ ಮರಳಿ ಬಂತು. ರಾಜರ ಕಾಲದ ಹಳೆಯ ಲಿಫ್ಟನ್ನು ಹೋಟೆಲಾದ ಮೇಲೂ ಬಳಸುತ್ತ ಬಂದರು. ವೈಸ್‌ರಾಯರು ಮಲಗಲೆಂದು ಮಾಡಿದ ಕೋಣೆಗೆ ವೈಸ್‌ರಾಯ್ ಸೂಟ್ ಎಂದೇ ಹೆಸರಿಟ್ಟು, ಒಂದು ರಾತ್ರಿಗೆ ಇಷ್ಟು ಎಂದು ಬಾಡಿಗೆ ಕಟ್ಟಿದ ಯಾರಿಗಾದರೂ ಕೊಟ್ಟರು.